ಅಟ್ಟದ ಬುದ್ಧಿಯೂ ನನ್ನ ಸೈಕಲ್ಲೂ

ನನಗೊಂದು ಕೆಟ್ಟ ಚಟವಿದೆ. ಬೀಡಿ, ಎಲೆಅಡಿಕೆ, ಇಸ್ಪೀಟು ಯಾವುದೂ ಅಲ್ಲ. ಅವಕ್ಕಾದರೆ ಜೊತೆಗಾರರಾದರೂ ಸಿಗುತ್ತಾರೆ. ನನ್ನದು ಕಂಡವರ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಚಟ. ದಿನಸಿ ಅಂಗಡಿಯ ಮುಂದೆ, ಅಂಚೆ ಕಚೇರಿಯ ಗೋಡೆಗೆ, ಮದುವೆ ಮನೆಯ ಚಪ್ಪರದ ಗೂಟಕ್ಕೆ, ಎಲ್ಲಿ ಸೈಕಲ್ ಒರಗಿಸಿದ್ದರೂ ನನ್ನ ಕೈ ತಾನಾಗಿಯೇ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಗಾಳಿ ಸರಿಯಾಗಿದ್ದರೆ ಸಮಾಧಾನ. ಕಡಿಮೆಯಿದ್ದರೆ ಅದರ ಯಜಮಾನನನ್ನು ಹುಡುಕಿ ಬೈಯಬೇಕೆನ್ನಿಸುತ್ತದೆ.

ಮೊನ್ನೆ ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಹೀಗೇ ಒತ್ತುತ್ತಿದ್ದಾಗ ಒಬ್ಬ ಹುಡುಗ ಓಡಿ ಬಂದು, "ಏನ್ ಯಜಮಾನ್ರೇ, ಗಾಳಿ ಬಿಡ್ತಿದೀರಾ?" ಎಂದು ಕೇಳಿದ. "ಬಿಡೋಕೆ ಇದರಲ್ಲಿ ಗಾಳಿ ಎಲ್ಲೈತಪ್ಪಾ?" ಎಂದೆ. ಅವನು ನಕ್ಕ. ಅನಾಥ ಮಕ್ಕಳ ಸಹಾಯಕ್ಕೆಂದು ಅವನೂ ಅವನ ಗೆಳೆಯರೂ ಊರೂರು ಸೈಕಲ್ ಹೊಡೆಯುತ್ತಿದ್ದಾರಂತೆ. ಒಳ್ಳೆಯ ಕೆಲಸ ಎಂದು ಬೆನ್ನು ತಟ್ಟಿ ಬರಬೇಕಾಗಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬಂದದ್ದನ್ನ ಆ ಮಕ್ಕಳ ಕೈಗೆ ಯಾವಾಗ ಕೊಡ್ತೀರಿ?" ಎಂದು ಕೇಳಿದೆ. "ಅದನ್ನ ಕಮಿಟಿ ತೀರ್ಮಾನ ಮಾಡುತ್ತೆ ಸಾರ್" ಎಂದ. ಕಮಿಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ನೆತ್ತಿಗೆ ಸಿಟ್ಟೇರಿತು. ಪಾಪ, ಆ ಹುಡುಗನ ತಪ್ಪು ಏನೂ ಇರಲಿಲ್ಲ. ಆದರೂ ಅವನಿಗೆ ಒಂದೆರಡು ಮಾತು ಅಂದೇ ಬಸ್ಸು ಹತ್ತಿದೆ.

ಸಿಟ್ಟು ನಮ್ಮ ಮನೆಯ ಗಂಡಸರಿಗೆ ತೋಟದ ಜೊತೆಯಲ್ಲೇ ಪಾಲಿಗೆ ಬಂದದ್ದು. ತೋಟ ಚಿಕ್ಕದು, ಸಿಟ್ಟು ದೊಡ್ಡದು. ನಮ್ಮಪ್ಪ ಮಳೆಯ ಮೇಲೆ ಸಿಟ್ಟು ಮಾಡಿಕೊಂಡು ಒಂದು ಹೊತ್ತು ಊಟ ಬಿಟ್ಟದ್ದುಂಟು. ನಾನು ಸೈಕಲ್ಲಿನ ಮೇಲೆ ಸಿಟ್ಟಾಗಿ ಅದನ್ನು ಒದ್ದು ನನ್ನ ಕಾಲುಗುರನ್ನೇ ಕಿತ್ತುಕೊಂಡದ್ದುಂಟು. ಇಷ್ಟು ವಯಸ್ಸಾದ ಮೇಲೆ ಹೆಚ್ಚಿನ ಸಿಟ್ಟೆಲ್ಲ ಕರಗಿದೆ. ಕಾಲೇಜಿನಲ್ಲಿ ನನ್ನನ್ನು ಫೇಲು ಮಾಡಿದ ಮೇಷ್ಟರನ್ನು ಕೂಡ ಕ್ಷಮಿಸಿದ್ದೇನೆ. ಒಂದೇ ಒಂದು ಸಿಟ್ಟು ಮಾತ್ರ ಹಾಗೇ ಉಳಿದಿದೆ, ಅದು ಹೋಗುವುದು ನನಗೂ ಬೇಕಾಗಿಲ್ಲ.

ಅದು ಎಂಬತ್ತರ ದಶಕದ ಶುರು. ನಮ್ಮೂರು ಬಿಳಿಗೆರೆ. ನಾನು ದಿನಾ ಸೈಕಲ್ಲಿನಲ್ಲಿ ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದೆ. ನನ್ನ ತಂಗಿ ಗಂಗೆಗೆ ಆಗ ಹದಿಮೂರು ವರ್ಷ. ಇನ್ನೂ ನಡೆಯಲು ಕಲಿಯುವ ಮುಂಚೆಯೇ ಅವಳಿಗೆ ಜ್ವರ ಬಂದು, ಜ್ವರ ಇಳಿದಾಗ ಎಡಗಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಮೊದಲು ಕೂತಲ್ಲೇ ತೆವಳುತ್ತಿದ್ದಳು, ಆಮೇಲೆ ಅಪ್ಪ ಹುಣಿಸೆಯ ಕೋಲೊಂದನ್ನು ಕೆತ್ತಿ ಕೊಟ್ಟ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಎಡಮಂಡಿಯ ಮೇಲೆ ಊರಿಕೊಂಡು ಬಗ್ಗಿ ನಡೆಯುತ್ತಿದ್ದಳು. ಊರಿನ ಶಾಲೆಗೆ ಅವಳನ್ನು ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ನನ್ನ ಸೈಕಲ್ಲಿನ ಕ್ಯಾರಿಯರ್ ಅವಳದೇ ಎಂದು ಅವಳ ತೀರ್ಮಾನ. ಅದರ ಮೇಲೆ ಯಾರಾದರೂ ಹುಲ್ಲು ಹೊರೆ ಕಟ್ಟಿದರೂ ಅವಳಿಗೆ ಆಗುತ್ತಿರಲಿಲ್ಲ.

ಅವಳ ಕಾಲಿಗೆ ಬಲವಿರಲಿಲ್ಲವೇ ಹೊರತು ನಾಲಿಗೆಗೆ ಬೇಕಾದಷ್ಟಿತ್ತು. ಆಚೆಮನೆಯ ಅಜ್ಜಿ ಅವಳನ್ನು ಕಂಡಾಗಲೆಲ್ಲ "ಅಯ್ಯೋ ಪಾಪ, ಯಾರು ಮಾಡ್ಕೊಂತಾರೋ ಈ ಮಗೀನ" ಎಂದು ಲೊಚಗುಟ್ಟುತ್ತಿದ್ದರು. ಒಂದು ದಿನ ಗಂಗೆ, "ಅಜ್ಜೀ, ನಿಮ್ಮನ್ನ ಮಾಡ್ಕೊಂಡ್ರಲ್ಲ, ಅವ್ರು ಏನ್ ಸುಖ ಕಂಡ್ರು ಹೇಳಿ" ಎಂದಳು. ಅವ್ವ ಬೈದಳು, ಬೈಯುತ್ತಲೇ ಸೆರಗು ಬಾಯಿಗಿಟ್ಟು ಅಡುಗೆಮನೆಗೆ ಓಡಿದಳು. ಅಜ್ಜಿ ಸಂಕ್ರಾಂತಿಯವರೆಗೆ ನಮ್ಮ ಮನೆಗೆ ಬರಲಿಲ್ಲ.

ಆ ವರ್ಷ ಅವಳಿಗೆ ಏಳನೇ ಕ್ಲಾಸಿನ ಪರೀಕ್ಷೆ. ಹೈಸ್ಕೂಲಿಗೆ ತಿಪಟೂರಿಗೇ ಹೋಗಬೇಕು. ನನ್ನ ಕಾಲೇಜು ಆ ವರ್ಷಕ್ಕೆ ಮುಗಿಯುತ್ತಿತ್ತು. ಮುಗಿದ ಮೇಲೆ ನಾನು ಎಲ್ಲಿರುತ್ತೇನೋ ಏನೋ. ಬಸ್ಸಿಗೆ ಹತ್ತಬೇಕು, ನೂಕಾಟದಲ್ಲಿ ನಿಲ್ಲಬೇಕು, ಇಳಿದು ಶಾಲೆಯವರೆಗೆ ನಡೆಯಬೇಕು. ಕೋಲು ಹಿಡಿದುಕೊಂಡು ಇದೆಲ್ಲ ಆಗದ ಮಾತು. ಊರಿನಲ್ಲಿ ಎಲ್ಲರೂ ಗಂಗೆಯ ಓದು ಇಲ್ಲಿಗೆ ಮುಗಿಯಿತು ಎಂದೇ ಮಾತಾಡುತ್ತಿದ್ದರು.

ಅಷ್ಟರಲ್ಲಿ ತಿಪಟೂರಿನಲ್ಲೊಂದು ವೈದ್ಯಕೀಯ ಶಿಬಿರ ನಡೆಯಿತು. ಹೊರಗಿನಿಂದ ಬಂದಿದ್ದ ಡಾಕ್ಟರು ಗಂಗೆಯ ಮಂಡಿಯನ್ನು ಹಿಂದೆ ಮುಂದೆ ಆಡಿಸಿ ನೋಡಿ, ಕ್ಯಾಲಿಪರ್ ಹಾಕಿಸಿ ಎಂದರು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಸರಳು, ಅಲ್ಲಲ್ಲಿ ತೊಗಲಿನ ಪಟ್ಟಿ, ಕೆಳಗೊಂದು ಬೂಟು. ಅದನ್ನು ಕಟ್ಟಿಕೊಂಡರೆ ಕಾಲು ಮಡಚದೆ ನಿಲ್ಲುತ್ತದೆ. "ಆದರೆ ಈ ವರ್ಷವೇ ಹಾಕಿಸಬೇಕು. ಮಂಡಿ ಬಗ್ಗಿಕೊಂಡು ಗಟ್ಟಿಯಾಗ್ತಾ ಇದೆ. ಇನ್ನೊಂದು ವರ್ಷ ಬಿಟ್ಟರೆ ಕಬ್ಬಿಣ ಕಟ್ಟಿದರೂ ಇವಳು ನೆಟ್ಟಗೆ ನಿಲ್ಲೋದು ಕಷ್ಟ" ಎಂದರು. ಈ ಮಾತನ್ನು ಅವರು ನಮ್ಮಪ್ಪನ ಮುಂದೆ ಹೇಳಿದರು, ಶಿಬಿರ ನಡೆಸಿದ ಸಮಿತಿಯವರ ಮುಂದೆಯೂ ಹೇಳಿದರು. ಎಲ್ಲರೂ ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ತೋಟ ಹಬ್ಬಕ್ಕೆ ಒಬ್ಬಟ್ಟು ಮಾಡಿಸುವಷ್ಟಿತ್ತು, ಕಬ್ಬಿಣದ ಕಾಲು ಮಾಡಿಸುವಷ್ಟಿರಲಿಲ್ಲ. ಗಂಗೆಯಂಥ ಮಕ್ಕಳು ಸುತ್ತಮುತ್ತ ಇನ್ನೂ ಕೆಲವರಿದ್ದರು. ಅವರೆಲ್ಲರಿಗಾಗಿ ಸಮಿತಿಯವರು ಸಹಾಯಾರ್ಥ ಸೈಕಲ್ ಜಾಥಾ ಮಾಡುವುದೆಂದು ನಿಶ್ಚಯಿಸಿದರು. ತಿಪಟೂರಿನಿಂದ ತುರುವೇಕೆರೆ, ಅಲ್ಲಿಂದ ಚಿಕ್ಕನಾಯಕನಹಳ್ಳಿ, ಹುಳಿಯಾರು, ಬೋರನಕಣಿವೆ, ಮತ್ತೆ ತಿಪಟೂರು. ಮೂರು ದಿನದ ಸವಾರಿ. ಶಿವರಾತ್ರಿ ಕಳೆದ ಮೇಲೆ ಹೊರಡುವುದು, ದಾರಿಯ ಊರುಗಳಲ್ಲೆಲ್ಲ ಚಂದಾ ಎತ್ತುವುದು, ಸ್ಕೂಲು ಶುರುವಾಗುವುದರೊಳಗೆ ಮಕ್ಕಳಿಗೆ ಕ್ಯಾಲಿಪರ್. ಸಮಿತಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರ ನಂಜುಂಡಪ್ಪನವರು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಯಾರ ಮೇಲೂ ದನಿಯೆತ್ತದ ಮನುಷ್ಯ. ದನಿಯೆತ್ತದವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ನಾನು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಅಲ್ಲಿಯವರೆಗೆ ಕಾಲೇಜಿಗಿಂತ ದೂರ ಸೈಕಲ್ ಹೊಡೆದವನಲ್ಲ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಅಭ್ಯಾಸ ಶುರುವಾಯಿತು. ಸೈಕಲ್ಲು ಸೋದರಮಾವನ ಕಾಲದ್ದು. ಬೆಲ್ಲೊಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ ಎಂದು ಖಲೀಲ್ ಹಂಗಿಸುತ್ತಿದ್ದ. ಖಲೀಲ್ ನನ್ನ ಹೈಸ್ಕೂಲಿನ ಗೆಳೆಯ, ತಿಪಟೂರಿನಲ್ಲಿ ಅವರಪ್ಪನ ಸೈಕಲ್ ಷಾಪ್ ನೋಡಿಕೊಳ್ಳುತ್ತಿದ್ದ. ಅವನೂ ಜಾಥಾಕ್ಕೆ ಹೆಸರು ಕೊಟ್ಟಿದ್ದ. "ಲೇ ಸಿದ್ಲಿಂಗ, ನಿನ್ನ ಸೈಕಲ್ಲು ಬೋರನಕಣಿವೆ ತನ್ಕ ಬತ್ತದೆ ಕಣ್ಲಾ. ನೀನು ಬತ್ತೀಯೋ ಇಲ್ವೋ ಅದನ್ನ ಹೇಳು" ಎಂದ. ಆ ಮಾತಿಗೇ ಹಟ ಹಿಡಿದು ಮರುದಿನ ಬೆಳಿಗ್ಗೆ ಅರಳಗುಪ್ಪೆಯ ಕಡೆ ಹೊರಟೆ.

ಅಭ್ಯಾಸಕ್ಕೆ ಮೊದಲ ಶತ್ರು ನಮ್ಮ ಜನರ ಪ್ರೀತಿ. ನಗಬೇಡಿ. ಈ ಸೀಮೆಯಲ್ಲಿ ಬೆವರುತ್ತಾ ಸೈಕಲ್ ತುಳಿಯುವವನನ್ನು ಕಂಡರೆ ಅವನಿಗೇನೋ ಕಷ್ಟ ಬಂದಿದೆ ಎಂದುಕೊಳ್ಳುತ್ತಾರೆ. ಅರಳಗುಪ್ಪೆ ದಾರಿಯಲ್ಲಿ ನಮ್ಮ ದೊಡ್ಡತ್ತೆಯ ಮನೆ. ಮೊದಲ ದಿನವೇ ದೊಡ್ಡತ್ತೆ ರಸ್ತೆಗೆ ಅಡ್ಡ ನಿಂತು, "ಯಾರಿಗೆ ಏನಾಯ್ತಪ್ಪಾ? ಹಿಂಗ್ ಓಡ್ತಿದೀಯಲ್ಲ" ಎಂದು ಎದೆ ಹಿಡಿದುಕೊಂಡರು. ಯಾರಿಗೂ ಏನೂ ಆಗಿಲ್ಲ, ಅಭ್ಯಾಸ ಎಂದೆ. "ಅದೆಂಥದೋ ಇರ್ಲಿ ಬುಡು, ಎಳನೀರು ಕುಡ್ಕಂಡು ಹೋಗು" ಎಂದರು. ಎಳನೀರಾದ ಮೇಲೆ ಗಂಜಿ, ಗಂಜಿಯಾದ ಮೇಲೆ ಉಪ್ಪಿಟ್ಟು, ಉಪ್ಪಿಟ್ಟಾದ ಮೇಲೆ ಬಿಸಿಲು ಏರಿದೆ ಎಂದು ಜಗುಲಿಯ ಮೇಲೆ ಚಾಪೆ. ಮರುದಿನ ಬೇರೆ ದಾರಿ ಹಿಡಿದರೆ ಅಲ್ಲಿ ಅಪ್ಪನ ಗೆಳೆಯರು. ಹೀಗೆ ಅಭ್ಯಾಸ ಮಾಡಿ ಮಾಡಿ ನನ್ನ ಪ್ಯಾಂಟಿನ ಗುಂಡಿ ಹಾಕಲು ಬರದ ಹಾಗಾಯಿತು.

ಎರಡನೆಯ ಶತ್ರು ತೆಂಗಿನ ಮರ. ಸೈಕಲ್ಲನ್ನು ಮರದ ಕೆಳಗೆ ನಿಲ್ಲಿಸಬಾರದು ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಆದರೆ ಬಿಳಿಗೆರೆಯಲ್ಲಿ ಮರದ ಕೆಳಗಲ್ಲದ ಜಾಗವನ್ನು ಎಲ್ಲಿಂದ ತರುವುದು? ಒಂದು ಬೆಳಿಗ್ಗೆ ನಾನು ಗಾಳಿ ಹೊಡೆದು, ಚೈನಿಗೆ ಎಣ್ಣೆ ಬಿಟ್ಟು, ಮುಖ ತೊಳೆಯಲು ಒಳಗೆ ಹೋಗಿದ್ದೆ. ಧಡ್ ಎಂದು ಸದ್ದಾಯಿತು. ಓಡಿ ಬಂದು ನೋಡಿದರೆ ಮುಂದಿನ ಚಕ್ರದ ರಿಮ್ಮು ಸೊಟ್ಟಗಾಗಿ ಮಲಗಿದೆ. ಅಪ್ಪ ತೋಟದಿಂದ ಬಂದವನು ಸೈಕಲ್ಲಿನ ಕಡೆ ತಿರುಗಿಯೂ ನೋಡದೆ, ಬಿದ್ದ ಕಾಯಿಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳಿದ.

"ಒಡೆದಿಲ್ಲ ಕಣ್ಲಾ" ಎಂದ, ನನ್ನನ್ನು ಸಮಾಧಾನ ಮಾಡುವವನ ಹಾಗೆ.

"ರಿಮ್ಮು ಹೋಯ್ತಲ್ಲಪ್ಪಾ!"

"ರಿಮ್ಮು ಇನ್ನೊಂದು ಬತ್ತದೆ. ಕಾಯಿ ಒಡೆದಿದ್ರೆ ಅಟ್ಟಕ್ಕೆ ಬತ್ತಿತ್ತಾ?"

ಹೊರಗಿನವರಿಗೆ ಈ ಅಟ್ಟದ ವಿಷಯ ಸ್ವಲ್ಪ ಹೇಳಬೇಕು. ಹಸಿ ಕಾಯಿಯನ್ನು ಹಾಗೇ ಮಾರುವವನನ್ನು ನಮ್ಮ ಕಡೆ ಯಾರೂ ಗೌರವದಿಂದ ಕಾಣುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನಿರಬೇಕು. ಹೆಚ್ಚುಕಡಿಮೆ ಒಂದು ವರ್ಷ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಬೆಲೆ ಆಗ. ಕಾಯುವುದು ನಮ್ಮ ಜನಕ್ಕೆ ಬೇಸಾಯವೂ ಹೌದು, ವ್ಯಾಪಾರವೂ ಹೌದು, ಹೆಚ್ಚುಕಡಿಮೆ ದೇವರ ಪೂಜೆಯೂ ಹೌದು. ಆ ಅಟ್ಟದಿಂದ ಇಳಿದ ಕೊಬ್ಬರಿಯೇ ನನ್ನನ್ನೂ ಓದಿಸಿದ್ದು, ಇಲ್ಲವೆನ್ನುವುದಿಲ್ಲ.

ಖಲೀಲ್ ಹಳೆಯ ರಿಮ್ಮೊಂದನ್ನು ಹುಡುಕಿ ಹಾಕಿಕೊಟ್ಟ. ಅಷ್ಟರಲ್ಲಿ ಗಂಗೆ ನನ್ನ ತರಬೇತಿಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಒಬ್ಬನೇ ಹೋದರೆ ದಾರಿಯಲ್ಲಿ ತಿಂದು ಬರುತ್ತಾನೆ, ನಾನೂ ಹೋಗುತ್ತೇನೆ ಎಂದು ಕ್ಯಾರಿಯರ್ ಹತ್ತಿ ಕೂತಳು. ಜಾಥಾದ ದಿನ ಹೊರೆ ಇಲ್ಲದೆ ತುಳಿಯುವಾಗ ಹಗುರಾಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಹಿಂದೆ ಕೂತು ಕೋಲಿನಿಂದ ನನ್ನ ಬೆನ್ನು ತಿವಿಯುವಳು. "ಅಣ್ಣಾ, ಆ ಎಮ್ಮೆ ನಿನ್ನ ದಾಟಿ ಹೋಯ್ತು ನೋಡು." ದೊಡ್ಡತ್ತೆ ಅಡ್ಡ ಬಂದರೆ, "ಅತ್ತೇ, ಬತ್ತಾ ಕುಡೀತೀವಿ" ಎಂದು ಅವಳೇ ಕೂಗುವಳು, ಬರುವಾಗ ಬೇರೆ ದಾರಿಯಲ್ಲಿ ಬರಿಸುವಳು. ದಿಬ್ಬದಲ್ಲಿ ನಾನು ಇಳಿದು ತಳ್ಳಹೊರಟರೆ ಮಾತ್ರ ಅವಳಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು. "ನಾನಂತೂ ಇಳಿಯಂಗಿಲ್ಲ. ನೀನ್ಯಾಕೆ ಇಳೀತೀಯ?" ಎನ್ನುತ್ತಿದ್ದಳು. ಮೇಲಕ್ಕೆ ಹತ್ತುವಾಗ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದು, ತಾನೇ ತುಳಿಯುತ್ತಿರುವವಳಂತೆ ಉಸಿರುಗಟ್ಟಿ ಕೂತಿರುತ್ತಿದ್ದಳು.

ಹೊರಡುವುದಕ್ಕೆ ಒಂದು ವಾರವಿದೆ ಎನ್ನುವಾಗ ಕೆರೆ ಏರಿಯ ಮೇಲೆ ಬಿದ್ದೆ. ಎದುರಿಗೆ ಕುರಿಮಂದೆ, ಬ್ರೇಕಿನ ರಬ್ಬರು ಸವೆದಿತ್ತು. ಆ ದಿನ ಪುಣ್ಯಕ್ಕೆ ಗಂಗೆ ಹಿಂದೆ ಇರಲಿಲ್ಲ. ಬಲಮಂಡಿ ಬದನೆಕಾಯಿಯ ಹಾಗೆ ಊದಿಕೊಂಡಿತು. ಅವ್ವ ಸುಣ್ಣ ಅರಿಶಿನ ಕಲಸಿ ಬಳಿದಳು, ಅಪ್ಪ ಜಾಥಾವನ್ನೂ ಸಮಿತಿಯನ್ನೂ ಕುರಿಗಳನ್ನೂ ಒಟ್ಟಿಗೆ ಬೈದ. ನಾನು ಗೋಡೆ ಕಡೆ ತಿರುಗಿ ಮಲಗಿ ಅತ್ತೆ. ನೋವಿಗಲ್ಲ, ಎಲ್ಲ ಹಾಳಾಯಿತು ಎಂಬ ರೋಷಕ್ಕೆ. ಗಂಗೆ ತೆವಳಿಕೊಂಡು ಬಂದು ತನ್ನ ಹುಣಿಸೆ ಕೋಲನ್ನು ನನ್ನ ಪಕ್ಕ ಇಟ್ಟಳು.

"ಹಿತ್ತಲಿಗೆ ಹೋಗ್ಬೇಕಾದ್ರೆ ಇದನ್ನ ಹಿಡ್ಕೊ. ಸಾಯಂಕಾಲಕ್ಕೆ ವಾಪಸ್ ಕೊಟ್ಬುಡು, ನಂಗೂ ಹೋಗ್ಬೇಕು" ಎಂದಳು.

ಆ ವಾರವೆಲ್ಲ ನಾವಿಬ್ಬರೂ ಒಂದೇ ಕೋಲಿನಲ್ಲಿ ನಡೆದೆವು. ಅವಳಿಗೆ ಬೇಕಾದಾಗ ನಾನು ಕೂತಿರಬೇಕು. ಕೂತೇ ಇರುವುದು ಎಂದರೆ ಏನೆಂದು ನನಗೆ ಆಗ ತಿಳಿಯಿತು. ನೀರು ಬೇಕೆಂದರೆ ಯಾರನ್ನಾದರೂ ಕರೆಯಬೇಕು. ಬಾಗಿಲಲ್ಲಿ ಯಾರದೋ ಜಗಳ ಕೇಳಿಸಿದರೆ ಯಾರಾದರೂ ಬಂದು ಹೇಳುವವರೆಗೆ ಕಾಯಬೇಕು. ವಾರಕ್ಕೇ ನನಗೆ ಹುಚ್ಚು ಹಿಡಿಯುವ ಹಾಗಾಗಿತ್ತು. ಊತ ಪೂರ್ತಿ ಇಳಿಯದಿದ್ದರೂ ಬಟ್ಟೆ ಬಿಗಿದುಕೊಂಡು ಹೊರಟೆ.

ಹೊರಡುವ ದಿನ ಮಂಡಿಯ ಅಂಗಳದಲ್ಲಿ ಸಭೆ. ವೇದಿಕೆ, ಮೈಕು, ಹಾರ. ಬೆಳಿಗ್ಗೆ ತಂಪಿನಲ್ಲಿ ಹೊರಡಬೇಕಾದವರು ಬಿಸಿಲೇರುವ ತನಕ ಭಾಷಣ ಕೇಳಿದೆವು. ನಂಜುಂಡಪ್ಪನವರು ಕೆಳಗಿಳಿದು ಬಂದು ಗಂಗೆಯ ತಲೆ ಸವರಿ, "ಬಾರವ್ವ, ವೇದಿಕೆ ಮೇಲೆ ಮುಂದ್ಗಡೆ ಕೂತ್ಕೊ. ನಿನ್ನ ನೋಡಿದ್ರೆ ಜನಕ್ಕೆ ಮನಸ್ಸು ಕರಗ್ತದೆ" ಎಂದರು. ನನ್ನ ಕಿವಿ ಕಾದವು. ನಾನು ಬಾಯಿ ತೆರೆಯುವುದರೊಳಗೆ ಅವಳೇ, "ಬೇಡ ಕಣ್ರೀ, ಇಲ್ಲೇ ಕ್ಯಾರಿಯರ್ ಮೇಲೆ ಚೆನ್ನಾಗೈತೆ. ನಿಮ್ಮ ಭಾಷಣ ಕೇಳಿದ್ರೇ ಸಾಕು ಜನ ಕರಗೋಕೆ" ಎಂದಳು. ಬಿಸಿಲಲ್ಲಿ ನಿಂತು ಬೆವರುತ್ತಿದ್ದ ನಾವೆಲ್ಲ ನಕ್ಕೆವು. ನಂಜುಂಡಪ್ಪನವರೂ ನಕ್ಕರು, ಅವರಿಗೆ ಬೇಸರವಾದದ್ದೂ ಕಾಣಿಸಿತು.

ಸವಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಬಡಾಯಿ ಆಗುತ್ತದೆ. ತುರುವೇಕೆರೆ ಸೇರುವಷ್ಟರಲ್ಲಿ ಸೀಟು ನನ್ನ ಮೇಲೆ ಹಗೆ ತೀರಿಸಿಕೊಂಡಿತ್ತು. ಚಿಕ್ಕನಾಯಕನಹಳ್ಳಿಯ ದಾರಿಯಲ್ಲಿ ಎರಡು ಸಲ ಪಂಕ್ಚರ್. ಖಲೀಲ್ ಪ್ಯಾಚು ಹಾಕುತ್ತಿದ್ದರೆ ನಾನು ಮಂಡಿಯ ಬಟ್ಟೆ ಬಿಚ್ಚಿ ಕಟ್ಟುತ್ತಿದ್ದೆ. ಹುಳಿಯಾರಿನ ಆಚೆ ಎದುರುಗಾಳಿ. ತುಳಿದಷ್ಟೂ ರಸ್ತೆ ಉದ್ದವಾಗುತ್ತಿತ್ತು. ದಿಬ್ಬ ಬಂದಾಗಲೆಲ್ಲ "ನೀನ್ಯಾಕೆ ಇಳೀತೀಯ" ಎಂಬ ಮಾತು ಕಿವಿಯಲ್ಲಿ ಕೇಳಿಸುತ್ತಿತ್ತು, ಇಳಿಯಲಿಲ್ಲ. ಬೋರನಕಣಿವೆ ಅಣೆಕಟ್ಟಿನ ನೀರಿಗೆ ಕಾಲು ಇಳಿಬಿಟ್ಟು ಕೂತಾಗ ಖಲೀಲ್, "ಬಂದ್ಬುಟ್ಟೆ ಕಣ್ಲಾ ಸಿದ್ಲಿಂಗ, ನಾನು ತಿಪಟೂರಲ್ಲೇ ಬಿದ್ದೋಯ್ತೀಯ ಅಂದ್ಕಂಡಿದ್ದೆ" ಎಂದ. ನನ್ನ ಬದುಕಿನಲ್ಲಿ ಸಿಕ್ಕಿದ ಹೊಗಳಿಕೆಗಳಲ್ಲಿ ಅದೇ ದೊಡ್ಡದು.

ಇನ್ನೊಂದು ವಿಷಯ ನಡೆದಿತ್ತು. ಸಮಿತಿಯವರು ನಮಗೆಲ್ಲ ಬೀಗ ಹಾಕಿದ ತಗಡಿನ ಡಬ್ಬಿ ಕೊಟ್ಟಿದ್ದರು, ಕಾಸು ಹಾಕಲು ಮೇಲೊಂದು ಸೀಳು. ಆ ಡಬ್ಬಿಗಳಲ್ಲಿ ನಾಲ್ಕಾರು ಕಾಸು ಮಾತ್ರ ಗಲಗಲ ಎನ್ನುತ್ತಿದ್ದವು. ಕೊಬ್ಬರಿ ಇಳಿಯುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಕಾಸು ಎಲ್ಲಿರುತ್ತದೆ? ಆದರೆ ಬರಿಗೈಯಲ್ಲಿ ಯಾರೂ ಕಳಿಸಲಿಲ್ಲ. ಪ್ರತಿ ಮನೆಯಿಂದಲೂ ಕಾಯಿ ಬಂತು. ಹ್ಯಾಂಡಲ್ಲಿಗೆ ಕಾಯಿ, ಕ್ಯಾರಿಯರ್ರಿಗೆ ಕಾಯಿ, ಕೊನೆಗೆ ಹಿಂದೆ ಎತ್ತಿನ ಗಾಡಿ, ಅದೂ ಸಾಲದೆ ಒಂದು ಟ್ರ್ಯಾಕ್ಟರು. ಹುಳಿಯಾರಿನ ಹತ್ತಿರ ಮುದುಕಿಯೊಬ್ಬಳು ತನ್ನ ಮನೆಯ ಕಾಯಿಗಳನ್ನು ಒಂದೊಂದಾಗಿ ಆರಿಸಿ ಕೊಡುತ್ತಾ, "ಆ ಮಕ್ಳು ಎದ್ದು ಓಡಾಡ್ಲಿ ಕಣಪ್ಪ" ಎಂದಳು. ಮೂರನೆಯ ದಿನ ಸಂಜೆ ತಿಪಟೂರಿಗೆ ಬಂದಾಗ ಮಂಡಿಯ ಅಂಗಳದಲ್ಲಿ ಆಳೆತ್ತರದ ಕಾಯಿಯ ರಾಶಿ ಬಿದ್ದಿತ್ತು. ಗಂಗೆ ಅಪ್ಪ ಅವ್ವನ ಜೊತೆ ಗಾಡಿಯಲ್ಲಿ ಬಂದಿದ್ದಳು. ರಾಶಿಯನ್ನು ನೋಡಿ ಅವಳು ಏನೂ ತಮಾಷೆ ಮಾಡಲಿಲ್ಲ. ಸುಮ್ಮನೆ ನನ್ನ ಕೈ ಹಿಡಿದುಕೊಂಡಳು.

ಆಗ ನಂಜುಂಡಪ್ಪನವರು ಮೈಕಿನ ಮುಂದೆ ನಿಂತರು. ಎಲ್ಲರಿಗೂ ವಂದಿಸಿ, ದನಿಯೆತ್ತದೆ ಹೇಳಿದರು. "ಇಷ್ಟು ಕಾಯಿ ಬಂದದ್ದು ಶಿವನ ದಯೆ. ಇದನ್ನ ಹಸಿಯಾಗಿ ಮಾರಿದ್ರೆ ಏನೂ ಹುಟ್ಟೋದಿಲ್ಲ. ಸೋಮವಾರ ಆಳು ಕರೆಸಿ ನಮ್ಮ ಮಂಡಿ ಅಟ್ಟಕ್ಕೇ ಏರಿಸ್ತೀನಿ, ಬಾಡಿಗೆ ಬೇಡ. ಮುಂದಿನ ಶಿವರಾತ್ರಿಗೆ ಒಳ್ಳೆ ಕೊಬ್ಬರಿ ಆಗ್ತದೆ. ಆವಾಗ ಮಕ್ಕಳಿಗೆ ಮಾಡಿಸೋಣ."

ಜನ ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ವೇದಿಕೆ ಹತ್ತಿ ಕೂಗಾಡಿದೆ. ಡಾಕ್ಟರು ಹೇಳಿದ್ದೇನು? ಗಂಗೆಯ ಮಂಡಿ ಏನು ಅಟ್ಟದ ಮೇಲಿನ ಕಾಯಾ, ಇಟ್ಟಷ್ಟೂ ಒಳ್ಳೆಯದಾಗೋಕೆ? ನಂಜುಂಡಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, "ದಣಿದಿದ್ದೀಯ ಕಣಪ್ಪ. ಇಷ್ಟು ವರ್ಷ ತಡೆದಿಲ್ವಾ? ಇನ್ನೊಂದು ವರ್ಷ" ಎಂದರು. ಯಾರೋ ಒಬ್ಬ ಕೆಟ್ಟವನು ಕಾಯಿ ಕದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎಲ್ಲರೂ ವಿವೇಕಿಗಳು. ಎಲ್ಲರಿಗೂ ಕಾಯಿಯ ಮೇಲೆ ಅಷ್ಟು ಅಕ್ಕರೆ. ಕೆಳಗಿಳಿದು ಅಪ್ಪನ ಮುಖ ನೋಡಿದರೆ, ಅವನೂ ನೆಲ ನೋಡುತ್ತಾ, "ಅವ್ರು ಹೇಳೋದ್ರಲ್ಲಿ ತಪ್ಪೇನೈತ್ಲಾ? ಹಸಿ ಕಾಯಿ ಮಾರೋದು ಬುದ್ಧಿವಂತಿಕೆ ಅಲ್ಲ" ಎಂದ. ನನ್ನ ಸ್ವಂತ ಅಪ್ಪ! ಆ ಹೊತ್ತು ಅವನನ್ನು ನಾನು ದ್ವೇಷಿಸಿದೆ.

ಸೈಕಲ್ಲನ್ನು ಗಾಡಿಗೆ ಹಾಕಿಕೊಂಡು ಊರಿಗೆ ಹೊರಟೆವು. ಊರು ಹತ್ತಿರ ಬಂದಾಗ ಗಂಗೆ ಮೆಲ್ಲಗೆ ಕೇಳಿದಳು.

"ಅಣ್ಣಾ, ಸುಲಿದ ಕಾಯನ್ನ ಅಟ್ಟಕ್ಕೆ ಹಾಕ್ತಾರಾ?"

ಹಾಕುವುದಿಲ್ಲ. ಸಿಪ್ಪೆ ಹೋದ ಕಾಯಿ ಅಟ್ಟದಲ್ಲಿ ಬಿರಿದು ಕೆಡುತ್ತದೆ, ಕೊಬ್ಬರಿಯಾಗುವುದಿಲ್ಲ. ಸುಲಿದ ಮೇಲೆ ಅದನ್ನು ಮಾರದೆ ಬೇರೆ ದಾರಿಯಿಲ್ಲ.

ಮರುದಿನ ಭಾನುವಾರ, ಮಂಡಿಗೆ ರಜ. ಅಂಗಳಕ್ಕೆ ಗೇಟೂ ಇರಲಿಲ್ಲ. ಬೆಳಕು ಹರಿಯುತ್ತಲೇ ಗಂಗೆಯನ್ನು ಕ್ಯಾರಿಯರ್ರಿನಲ್ಲಿ ಕೂರಿಸಿಕೊಂಡು ಹೋದೆ. ಖಲೀಲ್‌ನನ್ನು ಎಬ್ಬಿಸಿದೆ. ಅವನು ವಿಷಯ ಕೇಳಿ, "ಪೊಲೀಸ್ನೋರು ಬಂದ್ರೆ ನಿನ್ನ ಹೆಸರು ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದ. ಹಾರೆ ನೆಟ್ಟು ಸುಲಿಯಲು ನಿಂತೆವು. ನಾವು ಮೊನೆಗೆ ಕುಕ್ಕಿ ಸಿಪ್ಪೆ ಸಡಿಲಿಸಿ ಎಸೆದರೆ, ಗಂಗೆ ಕೂತಲ್ಲೇ ಉಳಿದದ್ದನ್ನು ಕಿತ್ತು ಜುಟ್ಟು ಬಿಟ್ಟು ಜೋಡಿಸುವಳು. ಕುಕ್ಕಿದ ಒಂದೊಂದು ಕಾಯಿಗೂ ನಾನು ಒಬ್ಬೊಬ್ಬರ ಹೆಸರು ಹೇಳಿ ಬೈಯುತ್ತಿದ್ದೆ, ಅಪ್ಪನನ್ನೂ ಬಿಡಲಿಲ್ಲ. ಬಿಸಿಲೇರಿತು, ಅಂಗೈ ಬೊಬ್ಬೆ ಬಂದು ಒಡೆಯಿತು, ಮಂಡಿ ಮತ್ತೆ ಊದಿತು. ರಾಶಿ ಮಾತ್ರ ಕರಗಿದ ಹಾಗೇ ಕಾಣಲಿಲ್ಲ. ಈ ಕೆಲಸ ಮುಗಿಯುವುದಿಲ್ಲ, ನಾಳೆ ಉಳಿದದ್ದೆಲ್ಲ ಅಟ್ಟ ಹತ್ತುತ್ತದೆ ಎನ್ನಿಸಿ ನನಗೆ ಅಳು ಬಂತು.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಬಂದ. ಅವನ ಹಿಂದೆ ಬುತ್ತಿ ಹೊತ್ತ ಅವ್ವ. ಅಪ್ಪ ಸೊಂಟದ ಮೇಲೆ ಕೈಯಿಟ್ಟು ಸುಲಿದ ಕಾಯಿಗಳನ್ನು ನೋಡಿದ. ಬೈಗುಳಕ್ಕೆ ಕಾದು ನಿಂತೆ. ಅವನು ಒಂದು ಕಾಯಿ ಎತ್ತಿಕೊಂಡು ತಿರುಗಿಸಿ ನೋಡಿ, ಮುಖ ಸಿಂಡರಿಸಿ, "ಥೂ, ಹಿಂಗಾ ಸುಲಿಯೋದು? ಚಿಪ್ಪೆಲ್ಲಾ ಗಾಯ ಮಾಡಿದೀಯ. ಈಚೆಗ್ ಬಾ" ಎಂದು ನನ್ನನ್ನು ತಳ್ಳಿ ಹಾರೆಯ ಮುಂದೆ ನಿಂತ. ಅವನಿಗೆ ನಾವು ಮಾಡುತ್ತಿದ್ದದ್ದು ಆಗಲೂ ಒಪ್ಪಿಗೆಯಿರಲಿಲ್ಲ, ಸಾಯುವವರೆಗೂ ಒಪ್ಪಲಿಲ್ಲ. ಆದರೆ ಕೆಟ್ಟದಾಗಿ ಸುಲಿಯುವುದನ್ನು ನೋಡಿಕೊಂಡು ಸುಮ್ಮನಿರಲು ಅವನ ಕೈಲಾಗಲಿಲ್ಲ. ಮೂರು ಹೊಡೆತಕ್ಕೆ ಒಂದು ಕಾಯಿ. ಗಂಗೆಗೆ ಕಿತ್ತು ಪೂರೈಸಲಾಗದೆ ಅವ್ವನೂ ಕೂತಳು. ನಾನು ಬೈಯುವುದನ್ನು ಬಿಟ್ಟು ಅಪ್ಪನಿಗೆ ಕಾಯಿ ಎತ್ತಿ ಕೊಡತೊಡಗಿದೆ, ರಾಶಿ ಮುಗಿದಾಗ ನಡುರಾತ್ರಿಯಾಗಿತ್ತು.

ಸೋಮವಾರ ನಂಜುಂಡಪ್ಪನವರು ಆಳುಗಳೊಂದಿಗೆ ಬಂದಾಗ ಅಂಗಳದ ಒಂದು ಕಡೆ ಸಿಪ್ಪೆಯ ಗುಡ್ಡ, ಇನ್ನೊಂದು ಕಡೆ ಸುಲಿದ ಕಾಯಿ. ಅವರು ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಹಾಳ್ ಮಾಡ್ಬುಟ್ರಲ್ರೋ, ಬಂಗಾರದಂಥ ಕಾಯಿ!" ಎಂದು ಕೂಗಿದರು. ಅದೇ ದಿನ ಲಾರಿ ಕರೆಸಿ ಮಾರಿಸಿದರು, ಇಲ್ಲದಿದ್ದರೆ ಅದೂ ಕೆಡುತ್ತಿತ್ತು. ಕ್ಯಾಲಿಪರ್ ಮಾಡುವವರು ಬಂದು ಮಕ್ಕಳಿಗೆಲ್ಲ ಅಳತೆ ತೆಗೆದುಕೊಂಡು ಹೋದರು. ಸ್ಕೂಲು ಶುರುವಾಗುವ ಹೊತ್ತಿಗೆ ಗಂಗೆಯ ಕ್ಯಾಲಿಪರ್ ಬಂತು. ತೊಗಲಿನ ಪಟ್ಟಿ ತೊಡೆಯನ್ನು ಉಜ್ಜಿ ಗಾಯ ಮಾಡುತ್ತಿತ್ತು, ಮೊದಲ ವಾರ ಅವಳು ಬಿದ್ದದ್ದೇ ಹೆಚ್ಚು. ಹಿಡಿಯಲು ಹೋದರೆ ಕೈ ತಳ್ಳುತ್ತಿದ್ದಳು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಮರುವರ್ಷ ಶಿವರಾತ್ರಿಯ ಹೊತ್ತಿಗೆ ಕೊಬ್ಬರಿಯ ಧಾರಣೆ ಎಂದೂ ಕಾಣದಷ್ಟು ಏರಿತು. ವ್ಯಾಪಾರದ ಮಟ್ಟಿಗೆ ನಂಜುಂಡಪ್ಪನವರ ಮಾತೇ ಸರಿಯಾಗಿತ್ತು. ಅವರಿಗೆ ಅದನ್ನು ಮರೆಯಲು ಆಗಲೇ ಇಲ್ಲ. ಒಂದು ಬೆಳಿಗ್ಗೆ ನಾನು ಯಾವುದೋ ಕೆಲಸಕ್ಕೆ ತಿಪಟೂರಿಗೆ ಬಂದು, ಬಸ್ಸಿಳಿದು ಗಂಗೆಯ ಜೊತೆ ಅವಳ ಶಾಲೆಯ ಕಡೆ ನಡೆಯುತ್ತಿದ್ದೆ. ಮಂಡಿಯ ಮುಂದೆ ನಿಂತಿದ್ದ ನಂಜುಂಡಪ್ಪನವರು ಅವಳನ್ನು ಕರೆದರು. ಮುಖದಲ್ಲಿ ಕೋಪವಿರಲಿಲ್ಲ, ನಿಜವಾದ ಮರುಕವಿತ್ತು.

"ನೋಡಿದ್ಯೇನವ್ವ ಧಾರಣೇನ? ಒಂದು ವರ್ಷ ತಡೆದಿದ್ರೆ ಎರಡರಷ್ಟು ಆಗ್ತಿತ್ತಲ್ಲ. ಮನುಷ್ಯರಿಗೆ ಸ್ವಲ್ಪ ತಡಕೊಳ್ಳೋ ಬುದ್ಧಿ ಇರಬೇಕು."

ನಾನು ಮುಷ್ಟಿ ಬಿಗಿದೆ. ಗಂಗೆ ನಿಂತಳು. ಪುಸ್ತಕವನ್ನು ಎದೆಗವಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಅವರ ಮುಖ ನೋಡಿದಳು. ಬಗ್ಗಿಕೊಂಡಿದ್ದಾಗ ಅವಳ ಕಣ್ಣು ಅವರ ಪಂಚೆಯ ಅಂಚಿನವರೆಗೆ ಮಾತ್ರ ಹೋಗುತ್ತಿತ್ತು.

"ಹದಿಮೂರು ವರ್ಷ ತಡಕೊಂಡಿದ್ದೆ ಕಣ್ರೀ ಸಾ‌ವ್ಕಾರ್ರೇ" ಎಂದಳು.

ಅಷ್ಟು ಹೇಳಿ ನಿಲ್ಲಲಿಲ್ಲ, ಸ್ಕೂಲಿಗೆ ಹೊತ್ತಾಗಿತ್ತು.